ವೆಬ್ ಅಪ್ಲಿಕೇಶನ್‌ನಲ್ಲಿ ಮೊತ್ತ ಮತ್ತು ಹೋಲಿಕೆ ತಾಳೆ ಆಗುವಂತೆ ಬರೆಯುವುದು ಹೇಗೆ? ಲಿಂಕ್ (LINQ) ಕ್ವೆರಿ ಆಪರೇಟರ್‌ಗಳ ಸಮಗ್ರ ಮಾರ್ಗದರ್ಶಿ

ರಾಯಚೂರು, ಸಿಂಧನೂರು, ಮಾನ್ವಿ ಕಡೆ ದಲಾಲಿ ಅಂಗಡಿಗಳಿಗೆ, ರೈಸ್ ಮಿಲ್‌ಗಳಿಗೆ ವೆಬ್ ಅಪ್ಲಿಕೇಶನ್ ಮಾಡಿಕೊಡುವ ಹುಡುಗ ಹುಡುಗಿಯರು ಬಹಳ ಮಂದಿ ಸಿಕ್ಕಿಕೊಳ್ಳುವುದು ಒಂದೇ ಕಡೆ. ಎಂಟ್ರಿ ಪುಟ ಚೆನ್ನಾಗಿರುತ್ತದೆ. ಪಟ್ಟಿ, ಅಂದರೆ ರೈತನಿಗೆ ಕೊಡುವ ಬಿಲ್ಲು, ಸರಿಯಾಗಿ ಪ್ರಿಂಟ್ ಆಗುತ್ತದೆ. ರಿಪೋರ್ಟ್ ತೆಗೆದರೆ ಮಾತ್ರ ಅಲ್ಲಿನ ಮೊತ್ತ ಗುಮಾಸ್ತರ ಖಾತೆ ಪುಸ್ತಕದ ಜೊತೆ ತಾಳೆ ಆಗುವುದಿಲ್ಲ.

ಇಲ್ಲಿ ಒಂದು ಅಪಾಯ ಇದೆ. ತಪ್ಪು ಮೊತ್ತಕ್ಕೆ ಕೆಂಪು ಎರರ್ ಬರುವುದಿಲ್ಲ. ಲಿಂಕ್ ಅಂದರೆ ಸಿ ಶಾರ್ಪ್ ಭಾಷೆಯೊಳಗೇ ಡೇಟಾ ಕೇಳುವ ಸೌಲಭ್ಯ. ಅದರಲ್ಲಿ ಮೊತ್ತ ಕೂಡಿಸುವ ಸಮ್ ಆಪರೇಟರ್ ಏನೋ ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಅದನ್ನು ನಂಬಿ ಯಾರೋ ಒಬ್ಬ ರೈತನಿಗೆ ದುಡ್ಡು ಎಣಿಸಿ ಕೊಡುತ್ತಾರೆ. ಆಪರೇಟರ್‌ಗಳ ಹೆಸರು ಎಲ್ಲರಿಗೂ ಗೊತ್ತು. ತಪ್ಪುವುದು ಅವುಗಳ ಕ್ರಮ. ಹಾಗಾಗಿ ಇಲ್ಲಿ ಕ್ರಮದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಉದಾಹರಣೆಗೆ ಗಂಜ್‌ನ ಒಂದು ದಲಾಲಿ ಅಂಗಡಿಯ ಲೆಕ್ಕ ತೆಗೆದುಕೊಳ್ಳೋಣ. ಮೂರು ಟೇಬಲ್: ರೈತರು, ಪಟ್ಟಿಗಳು, ಪಾವತಿಗಳು. ಭಾಷೆ ಸಿ ಶಾರ್ಪ್, ಡೇಟಾಬೇಸ್ ಜೊತೆ ಮಾತಾಡಲು ಎಂಟಿಟಿ ಫ್ರೇಮ್‌ವರ್ಕ್ ಕೋರ್. ಇಲ್ಲಿ ಬರುವ ದರ, ತೂಕ ಎಲ್ಲ ಲೆಕ್ಕ ತೋರಿಸಲು ಹಾಕಿದವು, ಮಾರುಕಟ್ಟೆಯ ಇವತ್ತಿನ ದರ ಅಲ್ಲ.

## ಮೊದಲು ಕೈಯಲ್ಲಿ ಏನೇನು ಇರಬೇಕು

ಡಾಟ್‌ನೆಟ್ (ಸಿ ಶಾರ್ಪ್ ಓಡುವ ವೇದಿಕೆ) 6 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇರಲಿ. ಮುಂದೆ ಹೇಳುವ ಎಕ್ಸೆಪ್ಟ್‌ಬೈ ಆಪರೇಟರ್ ಬಂದಿದ್ದೇ ಆರರಲ್ಲಿ. ಡೇಟಾಬೇಸ್ ಎಸ್‌ಕ್ಯುಎಲ್ ಸರ್ವರ್ ಆಗಲಿ, ಪೋಸ್ಟ್‌ಗ್ರೆಸ್ ಆಗಲಿ, ಅದನ್ನು ನೇರವಾಗಿ ತೆರೆದು ನೋಡುವ ಒಂದು ಟೂಲ್ ಬೇಕು. ಬರೀ ಅಪ್ಲಿಕೇಶನ್ ಪರದೆ ನೋಡಿಕೊಂಡು ಮೊತ್ತದ ತಪ್ಪು ಹುಡುಕಲು ಆಗುವುದಿಲ್ಲ.

ಇನ್ನೊಂದು ಬೇಕಾದ್ದು ಗುಮಾಸ್ತರು ಕೈಯಲ್ಲಿ ಬರೆದ ಒಂದು ದಿನದ ಲೆಕ್ಕ. ಅದರ ಫೋಟೊ ತೆಗೆದುಕೊಳ್ಳಿ. ನಿಮ್ಮ ಕ್ವೆರಿ ಸರಿಯೋ ತಪ್ಪೋ ಎಂದು ಹೇಳುವುದು ಆ ಹಾಳೆಯೇ.

## ಹಂತ 1: ಒಂದು ಸಾಲು ಎಂದರೆ ಏನು ಎಂದು ಬರೆದಿಡಿ

ಪಟ್ಟಿಗಳು ಟೇಬಲ್ಲಿನ ಒಂದು ಸಾಲು ಅಂದರೆ ಒಂದು ಲಾಟೋ, ಒಬ್ಬ ರೈತನ ಒಂದು ದಿನದ ಇಡೀ ಮಾಲೋ? ಒಬ್ಬ ರೈತ ಒಂದೇ ದಿನ ಎರಡು ಲಾಟ್ ಹತ್ತಿ ತಂದರೆ ಸಾಲು ಒಂದೋ ಎರಡೋ? ಇದಕ್ಕೆ ಒಂದೇ ವಾಕ್ಯದ ಉತ್ತರ ಇಲ್ಲದೆ ಕೌಂಟ್ ಹಾಕಿದರೆ ‘ಇವತ್ತು ಬಂದ ರೈತರು’ ಎಂಬ ಜಾಗದಲ್ಲಿ ಲಾಟ್‌ಗಳ ಸಂಖ್ಯೆ ಬಂದು ಕೂರುತ್ತದೆ. ರೈತರನ್ನು ಎಣಿಸಬೇಕಾದರೆ ಮೊದಲು ರೈತನ ಐಡಿ ಮಾತ್ರ ಸೆಲೆಕ್ಟ್ ಮಾಡಿ, ಪುನರಾವರ್ತನೆ ತೆಗೆಯುವ ಡಿಸ್ಟಿಂಕ್ಟ್ ಹಾಕಿ, ಆಮೇಲೆ ಕೌಂಟ್ ಮಾಡಿ.

ಅಳತೆಯನ್ನೂ ಇಲ್ಲೇ ಒಂದು ಮಾಡಿಕೊಳ್ಳಿ. ನಮ್ಮ ಕಡೆ ಭತ್ತದ ಮಾತು 75 ಕೆಜಿ ಚೀಲದ ಲೆಕ್ಕದಲ್ಲಿ ನಡೆಯುತ್ತದೆ, ಹತ್ತಿಯದ್ದು ಕ್ವಿಂಟಲ್ ಲೆಕ್ಕದಲ್ಲಿ. ಚೀಲಕ್ಕೆ 1,800 ರೂಪಾಯಿ ಎಂದರೆ ಕ್ವಿಂಟಲ್‌ಗೆ 2,400. ಎರಡೂ ರೀತಿಯ ದರ ಒಂದೇ ಕಾಲಮ್ಮಿನಲ್ಲಿ ಸೇರಿಕೊಂಡರೆ ಮುಂದೆ ಮಾಡುವ ಯಾವ ಹೋಲಿಕೆಗೂ ಅರ್ಥ ಇರುವುದಿಲ್ಲ. ಡೇಟಾಬೇಸ್‌ನಲ್ಲಿ ತೂಕ ಕೆಜಿಯಲ್ಲಿ, ದರ ಕ್ವಿಂಟಲ್‌ಗೆ ಇರಲಿ. ಚೀಲದ ಲೆಕ್ಕವನ್ನು ಪರದೆಯ ಮೇಲೆ ತೋರಿಸಿದರೆ ಸಾಕು.

ಸಂಖ್ಯೆ ಇಡಲು ಸಿ ಶಾರ್ಪ್ ಭಾಷೆಯಲ್ಲಿ ಡೆಸಿಮಲ್, ಡಬಲ್, ಇಂಟ್ (ಪೂರ್ಣಾಂಕ) ಎಂಬ ಬಗೆಗಳಿವೆ. ದುಡ್ಡಿಗೆ ಡೆಸಿಮಲ್ ಬಳಸಿ. ಡಬಲ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಪೈಸೆ ಲೆಕ್ಕದಲ್ಲಿ ಇಂಟ್ ಆಗಿ ಇಡುತ್ತೇನೆ ಎನ್ನುವವರೂ ಇದ್ದಾರೆ. ಇಂಟ್‌ನ ಮಿತಿ 2,14,74,83,647. ಪೈಸೆಯಲ್ಲಿ ಅಷ್ಟು ಅಂದರೆ ಸುಮಾರು 2 ಕೋಟಿ 14 ಲಕ್ಷ ರೂಪಾಯಿ. ಸೀಸನ್‌ನಲ್ಲಿ ವಹಿವಾಟು ಅದನ್ನು ದಾಟಿದ ದಿನ ಓವರ್‌ಫ್ಲೋ ಎರರ್ ಬಂದು ಪುಟ ನಿಲ್ಲುತ್ತದೆ.

## ಹಂತ 2: ಸೇರಿಸುವ ಮುಂಚೆಯೇ ಸೋಸಿ

ಬೇಡದ ಸಾಲು ಸೋಸುವ ವೇರ್ ಯಾವಾಗಲೂ ಮೊದಲು. ಕ್ಯಾನ್ಸಲ್ ಆದ ಪಟ್ಟಿ, ಟೆಸ್ಟಿಗೆ ಹಾಕಿದ ಎಂಟ್ರಿ, ಬೇರೆ ವರ್ಷದ ಸಾಲು, ಇವೆಲ್ಲ ಮೊತ್ತದ ಹತ್ತಿರ ಬರುವ ಮುಂಚೆಯೇ ಆಚೆ ಹೋಗಬೇಕು.

ಜಾಸ್ತಿ ಕೆಡುವುದು ತಾರೀಖಿನಲ್ಲಿ. ಅಕ್ಟೋಬರ್ ತಿಂಗಳ ಲೆಕ್ಕಕ್ಕೆ ‘31ನೇ ತಾರೀಖು ಅಥವಾ ಅದಕ್ಕಿಂತ ಮುಂಚೆ’ ಎಂದು ಬರೆಯುತ್ತಾರೆ. ಕಾಲಮ್ಮಿನಲ್ಲಿ ಸಮಯವೂ ಇದ್ದರೆ 31 ಎಂದರೆ ಆ ದಿನ ಶುರುವಾಗುವ ಮಧ್ಯರಾತ್ರಿ 12 ಗಂಟೆ ಮಾತ್ರ. ಅವತ್ತು ಹಗಲಿನ ಇಡೀ ವ್ಯಾಪಾರ ಲೆಕ್ಕಕ್ಕೆ ಸಿಗುವುದಿಲ್ಲ. ‘ಅಕ್ಟೋಬರ್ 1ರಿಂದ, ನವೆಂಬರ್ 1ಕ್ಕಿಂತ ಕಮ್ಮಿ’ ಎಂದು ಬರೆಯಿರಿ. ತಿಂಗಳಿಗೆ 30 ದಿನವೋ 31 ದಿನವೋ ಎಂಬ ಚಿಂತೆಯೂ ತಪ್ಪುತ್ತದೆ.

ಸರ್ವರ್ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇದ್ದರೆ ಇನ್ನೊಂದು ತೊಂದರೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಸುಕಿನ ನಾಲ್ಕು ಗಂಟೆಗೆ ಗಾಡಿ ಬಂದು ಎಂಟ್ರಿ ಆದರೆ ಅದು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ. ಪಟ್ಟಿಯ ತಾರೀಖಿಗೆ ಬೇರೆಯೇ ಕಾಲಮ್ ಇಟ್ಟು, ಭಾರತದ ತಾರೀಖನ್ನೇ ಅದರಲ್ಲಿ ಬರೆಯಿರಿ. ಎಂಟ್ರಿ ಆದ ಸಮಯ ಬೇರೆ, ಪಟ್ಟಿಯ ತಾರೀಖು ಬೇರೆ.

## ಹಂತ 3: ಸಾಲಿನೊಳಗಿನ ಲೆಕ್ಕ ಸರಿ ಮಾಡಿ

ಈಗ ಒಂದು ಸಾಲಿನ ನಿವ್ವಳ ಮೊತ್ತ. ಕೆಜಿ ತೂಕವನ್ನು 100ರಿಂದ ಭಾಗಿಸಿ ಕ್ವಿಂಟಲ್ ಮಾಡಿ, ಅದನ್ನು ದರದಿಂದ ಗುಣಿಸಿ, ಅದರಲ್ಲಿ ಹಮಾಲಿ ಕಳೆಯಿರಿ. ಹಮಾಲಿ ಕಾಲಮ್ ಖಾಲಿ ಬಿಟ್ಟಿದ್ದರೆ, ಅಂದರೆ ಅಲ್ಲಿ ನಲ್ ಇದ್ದರೆ ಏನಾಗುತ್ತದೆ?

ನಲ್ ಅನ್ನು ಯಾವುದರ ಜೊತೆ ಕೂಡಿಸಿದರೂ ಕಳೆದರೂ ಉತ್ತರ ನಲ್. ಹಾಗಾಗಿ 89,280 ರೂಪಾಯಿ ಪಟ್ಟಿಯಲ್ಲಿ ಹಮಾಲಿ ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ ಇಡೀ ಸಾಲಿನ ನಿವ್ವಳ ನಲ್ ಆಗುತ್ತದೆ. ಸಮ್ ಆಪರೇಟರ್ ನಲ್ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಪರದೆಯ ಮೇಲೆ ಮೊತ್ತ ಇರುತ್ತದೆ, ಅದರೊಳಗೆ ಆ 89,280 ಇರುವುದಿಲ್ಲ, ಅಷ್ಟೇ. ಪರಿಹಾರ ಸುಲಭ: ನಲ್ ಬರಬಹುದಾದ ಪ್ರತಿಯೊಂದು ಕಾಲಮ್ಮಿಗೂ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೊನ್ನೆ ಕೊಡಿ. ಕಾಲಮ್ಮಿಗೆ ಹಾಕಬೇಕು, ಇಡೀ ಮೊತ್ತಕ್ಕಲ್ಲ. ಮೊತ್ತಕ್ಕೆ ಹಾಕಿದರೆ ಕಳೆದುಹೋದ ಸಾಲು ವಾಪಸ್ ಬರುವುದಿಲ್ಲ.

ರೌಂಡ್ ಮಾಡುವುದೂ ಈ ಹಂತದಲ್ಲೇ. ಸಿ ಶಾರ್ಪ್‌ನ ಮ್ಯಾಥ್ ರೌಂಡ್ ಸುಮ್ನೆ ಬಳಸಿದರೆ 2.5 ಎನ್ನುವುದು 2 ಆಗುತ್ತದೆ, 3.5 ಎನ್ನುವುದು 4. ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ಮೂಲ ನಡವಳಿಕೆ. ಎಸ್‌ಕ್ಯುಎಲ್ ಸರ್ವರ್‌ನ ರೌಂಡ್ 2.5 ಅನ್ನು 3 ಮಾಡುತ್ತದೆ. ಅಂಗಡಿಯಲ್ಲಿ ಅರ್ಧ ರೂಪಾಯಿಯನ್ನು ಮೇಲಕ್ಕೆ ಹಾಕುವುದೇ ವಾಡಿಕೆ ಆಗಿದ್ದರೆ ಅವೇ‌ ಫ್ರಮ್ ಝೀರೋ ಆಯ್ಕೆ ಕೊಡಿ. ರೌಂಡ್ ಮಾಡಿದ ಮೊತ್ತವನ್ನು ಪಟ್ಟಿಯ ಜೊತೆ ಟೇಬಲ್ಲಿನಲ್ಲೇ ಉಳಿಸಿ, ತಿಂಗಳ ಮೊತ್ತಕ್ಕೆ ಉಳಿಸಿದ್ದನ್ನೇ ಸೇರಿಸಿ. ರೈತನ ಕೈಯಲ್ಲಿರುವ ಕಾಗದದಲ್ಲಿ ಏನಿದೆಯೋ ಅದೇ ಸೇರಬೇಕು.

## ಹಂತ 4: ಮೊತ್ತ ಮತ್ತು ಗುಂಪು

ಕ್ರಮ ಹೀಗಿರಲಿ: ವೇರ್, ಗ್ರೂಪ್‌ಬೈ, ಸೆಲೆಕ್ಟ್, ಆರ್ಡರ್‌ಬೈ, ಕೊನೆಯಲ್ಲಿ ಟುಲಿಸ್ಟ್.

ಟುಲಿಸ್ಟ್ ಕೊನೆಗೇ ಬರಬೇಕು. ಅದನ್ನು ಮೊದಲೇ ಹಾಕಿದರೆ ಟೇಬಲ್ಲಿನ ಅಷ್ಟೂ ಸಾಲು ಸರ್ವರ್ ಮೆಮೊರಿಗೆ ಬರುತ್ತವೆ, ಆಮೇಲೆ ಗುಂಪು ಮಾಡುವ ಕೆಲಸ ಶುರುವಾಗುತ್ತದೆ. ಐನೂರು ಸಾಲಿದ್ದಾಗ ಗೊತ್ತಾಗುವುದಿಲ್ಲ. ಎರಡು ಸೀಸನ್ ಕಳೆದ ಮೇಲೆ ಪುಟ ತೆರೆಯಲು ಒದ್ದಾಡುತ್ತದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್ 3.0ರಿಂದ, ಎಸ್‌ಕ್ಯುಎಲ್‌ಗೆ ತಿರುಗಿಸಲು ಬಾರದ ಗುಂಪು ಅಥವಾ ಶರತ್ತು ಬರೆದರೆ ಎರರ್ ಬರುತ್ತದೆ. ಆ ಎರರ್ ಬಾಯಿ ಮುಚ್ಚಿಸಲು ಮಧ್ಯದಲ್ಲಿ ಟುಲಿಸ್ಟ್ ಹಾಕುವುದು ಬಹಳ ಕಾಣುತ್ತದೆ. ಹಾಗೆ ಮಾಡಬೇಡಿ. ಕ್ವೆರಿಯ ಯಾವ ತುಂಡು ತಿರುಗುತ್ತಿಲ್ಲ ಎಂದು ಹುಡುಕಿ, ಅದನ್ನು ಬದಲಿಸಿ.

ಗುಂಪು ಮಾಡಿದ ಮೇಲೂ ಒಂದು ವೇರ್ ಬರಬಹುದು, ಅದರ ಕೆಲಸ ಬೇರೆ. ‘ಅಕ್ಟೋಬರ್ ಪಟ್ಟಿಗಳು ಮಾತ್ರ’ ಎನ್ನುವುದು ಸಾಲಿನ ಶರತ್ತು, ಗುಂಪಿಗಿಂತ ಮುಂಚೆ. ‘ಒಟ್ಟು 5 ಲಕ್ಷ ದಾಟಿದ ರೈತರು ಮಾತ್ರ’ ಎನ್ನುವುದು ಮೊತ್ತದ ಶರತ್ತು, ಗುಂಪಿನ ನಂತರ. ಎರಡನೆಯದನ್ನು ಮುಂಚೆ ಹಾಕಿದರೆ ಒಂದೇ ಪಟ್ಟಿಯಲ್ಲಿ 5 ಲಕ್ಷ ದಾಟಿದವರು ಮಾತ್ರ ಸಿಗುತ್ತಾರೆ.

ಸರಾಸರಿ ದರ ಬೇಕೆಂದಾಗ ಆವರೇಜ್ ಕಡೆ ಕೈ ಹೋಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಒಂದು ಲಾಟ್ 2 ಕ್ವಿಂಟಲ್, ದರ 7,600. ಇನ್ನೊಂದು ಲಾಟ್ 40 ಕ್ವಿಂಟಲ್, ದರ 6,800. ಆವರೇಜ್ ಕೊಡುವ ಉತ್ತರ 7,200. ನಿಜವಾಗಿ ಬಂದ ದುಡ್ಡು 2,87,200. ಅದನ್ನು 42 ಕ್ವಿಂಟಲ್‌ಗೆ ಭಾಗಿಸಿದರೆ 6,838. ಕ್ವಿಂಟಲ್‌ಗೆ 362 ರೂಪಾಯಿ ವ್ಯತ್ಯಾಸ! ದರದ ಸರಾಸರಿ ಬೇಕಾದಾಗ ಮೊತ್ತದ ಸಮ್ ಅನ್ನು ಕ್ವಿಂಟಲ್ ತೂಕದ ಸಮ್‌ನಿಂದ ಭಾಗಿಸಿ. ಆವರೇಜ್ ಆಪರೇಟರ್ ಮುಟ್ಟಲೇಬೇಡಿ.

ಖಾಲಿ ದಿನಕ್ಕೂ ತಯಾರಿ ಬೇಕು. ಮಾರುಕಟ್ಟೆ ರಜೆ ಇದ್ದ ದಿನ ಒಂದೂ ಸಾಲು ಇರುವುದಿಲ್ಲ. ಆಗ ಸಮ್ ಸೊನ್ನೆ ಕೊಡುತ್ತದೆ. ಮ್ಯಾಕ್ಸ್, ಮಿನ್, ಆವರೇಜ್ ಮಾತ್ರ ‘ಒಂದೂ ಅಂಶ ಇಲ್ಲ’ ಎಂದು ಎರರ್ ಎಸೆಯುತ್ತವೆ. ರಜೆ ದಿನ ಮಾತ್ರ ಡ್ಯಾಶ್‌ಬೋರ್ಡ್ ಬೀಳುತ್ತಿದೆ ಎಂದು ಯಾರಾದರೂ ಹೇಳಿದರೆ ಮೊದಲು ಇಲ್ಲಿ ನೋಡಿ. ಒಳಗಿನ ಬೆಲೆಯನ್ನು ನಲ್ ಒಪ್ಪುವ ಡೆಸಿಮಲ್‌ಗೆ ಬದಲಿಸಿದರೆ ಎರರ್ ಬದಲು ನಲ್ ಬರುತ್ತದೆ. ಪರದೆಯ ಮೇಲೆ ‘ವ್ಯಾಪಾರ ಇಲ್ಲ’ ಎಂದು ತೋರಿಸಿ.

## ಹಂತ 5: ಎರಡು ಟೇಬಲ್‌ಗಳ ಮೊತ್ತ ಜೋಡಿಸುವುದು

ಅತಿ ಹೆಚ್ಚು ಜನ ಎಡವುವ ಹಂತ ಇದು. ನಿಧಾನವಾಗಿ ನೋಡೋಣ.

ಮಾನ್ವಿ ಕಡೆಯ ಒಬ್ಬ ರೈತ ಎರಡು ಲಾಟ್ ಹತ್ತಿ ಮಾರಿದ್ದಾನೆ. ಮೊದಲನೆಯದು 12.40 ಕ್ವಿಂಟಲ್, ದರ 7,200, ಮೊತ್ತ 89,280. ಎರಡನೆಯದು 8.60 ಕ್ವಿಂಟಲ್, ದರ 7,000, ಮೊತ್ತ 60,200. ಒಟ್ಟು 1,49,480. ಅಂಗಡಿಯವರು ಮೂರು ಸಲ ದುಡ್ಡು ಕೊಟ್ಟಿದ್ದಾರೆ: 50,000, 40,000, 30,000. ಒಟ್ಟು 1,20,000. ಬಾಕಿ 29,480.

ಈಗ ಪಟ್ಟಿಗಳನ್ನೂ ಪಾವತಿಗಳನ್ನೂ ರೈತನ ಐಡಿ ಮೇಲೆ ಜಾಯಿನ್ ಮಾಡಿ, ಆಮೇಲೆ ಗುಂಪು ಮಾಡಿ ಸಮ್ ಹಾಕಿದರೆ? ಪ್ರತಿ ಪಟ್ಟಿಯೂ ಪ್ರತಿ ಪಾವತಿಯ ಜೊತೆ ಸೇರುತ್ತದೆ. ಎರಡು ಪಟ್ಟಿ, ಮೂರು ಪಾವತಿ, ಒಟ್ಟು ಆರು ಸಾಲು. ಪ್ರತಿ ಪಟ್ಟಿ ಮೂರು ಸಲ ಎಣಿಕೆ ಆಗಿ 4,48,440 ಆಗುತ್ತದೆ. ಪ್ರತಿ ಪಾವತಿ ಎರಡು ಸಲ ಎಣಿಕೆ ಆಗಿ 2,40,000 ಆಗುತ್ತದೆ. ಪರದೆ ತೋರಿಸುವ ಬಾಕಿ 2,08,440. ಕ್ವೆರಿಯಲ್ಲಿ ಒಂದಕ್ಷರ ವ್ಯಾಕರಣ ದೋಷ ಇಲ್ಲ.

ಇದು ಟೆಸ್ಟ್‌ನಲ್ಲಿ ಸಿಗದೇ ಇರುವುದಕ್ಕೂ ಕಾರಣ ಇದೆ. ಟೆಸ್ಟ್ ಡೇಟಾದಲ್ಲಿ ನಾವು ಒಬ್ಬ ರೈತನಿಗೆ ಒಂದು ಪಟ್ಟಿ, ಒಂದು ಪಾವತಿ ಹಾಕುತ್ತೇವೆ. ಒಂದು ಗುಣಿಸು ಒಂದು ಒಂದೇ. ಹಾಗಾಗಿ ಟೆಸ್ಟ್ ಡೇಟಾದಲ್ಲಿ ಎರಡು ಪಟ್ಟಿ, ಮೂರು ಪಾವತಿ ಇರುವ ಒಬ್ಬ ರೈತ ಇರಲೇಬೇಕು. ಪಟ್ಟಿ ಇದ್ದು ಪಾವತಿ ಇಲ್ಲದವನು ಒಬ್ಬ, ಬರೀ ಮುಂಗಡ ತೆಗೆದುಕೊಂಡು ಇನ್ನೂ ಮಾಲು ತರದವನು ಒಬ್ಬನೂ ಇರಲಿ.

ಕೆಲವರು ಇದನ್ನು ಡಿಸ್ಟಿಂಕ್ಟ್ ಹಾಕಿ ಸರಿಮಾಡಲು ಹೋಗುತ್ತಾರೆ. ಅದು ಇನ್ನೊಂದು ತಪ್ಪು. ಒಬ್ಬನಿಗೇ 10,000 ಎರಡು ಸಲ ಕೊಟ್ಟಿದ್ದರೆ ಡಿಸ್ಟಿಂಕ್ಟ್ ಅದನ್ನು ಒಂದೇ ಎಂದು ಹಿಡಿಯುತ್ತದೆ. ಮೊದಲು ಮೊತ್ತ ಜಾಸ್ತಿ ಇತ್ತು, ಈಗ ಕಮ್ಮಿ.

ಸರಿಯಾದ ದಾರಿ ಇದು. ಪಟ್ಟಿಗಳನ್ನು ರೈತನ ಐಡಿ ಮೇಲೆ ಗುಂಪು ಮಾಡಿ, ಮೊತ್ತ ತೆಗೆದು, ಟುಡಿಕ್ಷನರಿ ಹಾಕಿ (ರೈತನ ಐಡಿ ಕೀ, ಮೊತ್ತ ಅದರ ಬೆಲೆ). ಪಾವತಿಗಳಿಗೂ ಹಾಗೇ ಪ್ರತ್ಯೇಕವಾಗಿ ಮಾಡಿ. ಈಗ ಎರಡರಲ್ಲೂ ಒಬ್ಬ ರೈತನಿಗೆ ಒಂದೇ ಸಾಲು. ಎರಡರ ಕೀಗಳನ್ನು ಯೂನಿಯನ್ ಮಾಡಿ, ಒಂದೊಂದು ಕೀಗೂ ಗೆಟ್‌ವ್ಯಾಲ್ಯೂಆರ್‌ಡಿಫಾಲ್ಟ್ ಮೂಲಕ ಎರಡು ಮೊತ್ತ ತೆಗೆದು ಕಳೆಯಿರಿ. ಇಲ್ಲದ ಕಡೆ ತಾನಾಗಿ ಸೊನ್ನೆ ಬರುತ್ತದೆ. ಪಾವತಿಯೇ ಇಲ್ಲದ ರೈತನೂ ಉಳಿಯುತ್ತಾನೆ, ಮುಂಗಡ ಮಾತ್ರ ಇರುವವನೂ ಉಳಿಯುತ್ತಾನೆ. ಡೇಟಾಬೇಸ್‌ಗೆ ಹೋಗುವುದು ಎರಡೇ ಕ್ವೆರಿ.

ಒಬ್ಬೊಬ್ಬ ರೈತನಿಗೂ ಲೂಪ್ ಒಳಗೆ ಸಮ್ ಕರೆಯುವುದು ಬೇಡ. 300 ರೈತರಿದ್ದರೆ ಡೇಟಾಬೇಸ್ ಬಾಗಿಲು 300 ಸಲ ತಟ್ಟಿದ ಹಾಗಾಗುತ್ತದೆ.

## ಹಂತ 6: ಹೋಲಿಸುವುದು

ಅವಧಿ ಹೋಲಿಕೆಗೆ ಮೇಲಿನ ಡಿಕ್ಷನರಿ ವಿಧಾನವೇ ಸಾಕು. ಹೋದ ವರ್ಷದ ಮೊತ್ತ ಒಂದು, ಈ ವರ್ಷದ್ದು ಒಂದು, ಕೀಗಳ ಯೂನಿಯನ್. ಇಲ್ಲಿ ಜಾಯಿನ್ ಹಾಕಿದರೆ ಎರಡೂ ಕಡೆ ಇರುವ ಸಾಲು ಮಾತ್ರ ಉಳಿಯುತ್ತವೆ. ತುಂಗಭದ್ರಾ ಎಡದಂಡೆ ನಾಲೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಏಪ್ರಿಲ್, ಮೇ ಭತ್ತದ ಆವಕ ಇಲ್ಲದೇ ಹೋಗಬಹುದು. ಆಗ ಹೋಲಿಕೆಯಲ್ಲಿ ಆ ಸಾಲೇ ಮಾಯ. ಅಂಗಡಿಯವರಿಗೆ ಎಲ್ಲಕ್ಕಿಂತ ಮೊದಲು ಕಾಣಬೇಕಾಗಿದ್ದು ಅದೇ ಸಾಲು.

ಶೇಕಡಾ ಏರಿಕೆ ತೆಗೆಯುವಾಗ ಹೋದ ವರ್ಷದ ಮೊತ್ತ ಸೊನ್ನೆ ಇದೆಯೇ ನೋಡಿ. ಇದ್ದರೆ ಭಾಗಿಸಬೇಡಿ, ‘ಹೊಸದು’ ಎಂದು ಬರೆಯಿರಿ. ಇಂಟ್ ಅನ್ನು ಇಂಟ್‌ನಿಂದ ಭಾಗಿಸಿದರೆ 3 ಭಾಗಿಸು 4 ಕೂಡ ಸೊನ್ನೆ. ಎಲ್ಲ ಸಾಲಿನಲ್ಲೂ ಸೊನ್ನೆ ಶೇಕಡಾ ಕಂಡರೆ ಕಾರಣ ಇದೇ ಇರುತ್ತದೆ.

ತಿಂಗಳಿಗೆ ತಿಂಗಳು ಹೋಲಿಸುವಾಗ ಹಬ್ಬ ನೆನಪಿರಲಿ. 2023ರಲ್ಲಿ ದೀಪಾವಳಿ ನವೆಂಬರ್ 12ರ ಹೊತ್ತಿಗೆ ಬಂತು, 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ. ಹಬ್ಬಕ್ಕೆ ಮಾರುಕಟ್ಟೆ ಬಂದ್ ಇರುವ ದಿನಗಳು ಒಂದು ವರ್ಷ ಅಕ್ಟೋಬರ್ ಲೆಕ್ಕದಲ್ಲಿ, ಇನ್ನೊಂದು ವರ್ಷ ನವೆಂಬರ್ ಲೆಕ್ಕದಲ್ಲಿ ಬರುತ್ತವೆ. ಹತ್ತಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸೀಸನ್ ಇಡಿಯಾಗಿ ಹೋಲಿಸುವುದು ಒಳ್ಳೆಯದು.

ಇನ್ನೊಂದು ಬಗೆಯ ಹೋಲಿಕೆ ಎರಡು ಯಾದಿಗಳ ನಡುವಿನದು. ಮಿಲ್‌ನವರು ಕಳಿಸಿದ ಖರೀದಿ ಯಾದಿ ಒಂದು ಕಡೆ, ನಮ್ಮದು ಒಂದು ಕಡೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಕೊಡುವ ಎಕ್ಸೆಪ್ಟ್ ಆಪರೇಟರ್ ಇಲ್ಲಿಗೆ ಸರಿ, ಆದರೆ ಮೂರು ವಿಷಯ ಗೊತ್ತಿರಬೇಕು. ಸಾಮಾನ್ಯ ಕ್ಲಾಸ್‌ನ ಆಬ್ಜೆಕ್ಟ್‌ಗಳನ್ನು ಅದು ಒಳಗಿನ ಬೆಲೆ ನೋಡಿ ಹೋಲಿಸುವುದಿಲ್ಲ. ಹಾಗಾಗಿ ಎಲ್ಲ ಸಾಲೂ ‘ವ್ಯತ್ಯಾಸ’ ಎಂದೇ ಬರುತ್ತವೆ. ಒಳಗಿನ ಬೆಲೆ ನೋಡಿಯೇ ಹೋಲಿಸುವ ರೆಕಾರ್ಡ್ ಬಳಸಿ, ಇಲ್ಲವೇ ಎಕ್ಸೆಪ್ಟ್‌ಬೈ ಹಾಕಿ ಕೀ ಕೊಡಿ. ಲಾಟ್ ನಂಬರ್ ದಿನಾ ಒಂದರಿಂದ ಶುರುವಾಗುವ ಅಂಗಡಿಯಲ್ಲಿ ಕೀ ಎಂದರೆ ತಾರೀಖು ಮತ್ತು ಲಾಟ್ ನಂಬರ್ ಎರಡೂ. ಎರಡನೆಯದು, ಎಕ್ಸೆಪ್ಟ್ ಒಂದೇ ದಿಕ್ಕು ನೋಡುತ್ತದೆ. ನಮ್ಮಲ್ಲಿದ್ದು ಅವರಲ್ಲಿ ಇಲ್ಲದ್ದು ಒಂದು ಸಲ, ಅವರಲ್ಲಿದ್ದು ನಮ್ಮಲ್ಲಿ ಇಲ್ಲದ್ದು ಇನ್ನೊಂದು ಸಲ ಓಡಿಸಬೇಕು. ಮೂರನೆಯದು, ಅದು ಒಂದೇ ತರಹದ ಸಾಲುಗಳನ್ನು ಒಂದಾಗಿಸುತ್ತದೆ. ಎರಡು ಸಲ ಎಂಟ್ರಿ ಆದ ಲಾಟ್ ಅದಕ್ಕೆ ಕಾಣುವುದಿಲ್ಲ, ಅದನ್ನು ಗ್ರೂಪ್‌ಬೈ ಮಾಡಿ ಕೌಂಟ್ ಒಂದಕ್ಕಿಂತ ಜಾಸ್ತಿ ಇದೆಯೇ ಎಂದು ಬೇರೆಯಾಗಿ ನೋಡಿ.

## ಕನ್ನಡ ಹೆಸರುಗಳ ಮೇಲೆ ಗುಂಪು ಮಾಡುವವರಿಗೆ

ಊರಿನ ಹೆಸರಿನ ಮೇಲೆ ಗ್ರೂಪ್‌ಬೈ ಮಾಡಿದರೆ ‘ಕೊಪ್ಪಳ’ ಎರಡು ಸಲ ಬರುವುದುಂಟು. ಕಣ್ಣಿಗೆ ಎರಡೂ ಒಂದೇ. ಕಾರಣ ಯುನಿಕೋಡ್‌ನಲ್ಲಿದೆ. ‘ಕೊ’ ಅಕ್ಷರದ ಒ ಸ್ವರಚಿಹ್ನೆಯನ್ನು ಒಂದೇ ಕೋಡ್ ಆಗಿ ಬರೆಯಬಹುದು, ಎ ಚಿಹ್ನೆ ಮತ್ತು ಊ ಚಿಹ್ನೆ ಎಂಬ ಎರಡು ಕೋಡ್ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಒಂದೇ ರೂಪ, ಕಂಪ್ಯೂಟರ್‌ಗೆ ಬೇರೆ ಬೇರೆ. ಸಿ ಶಾರ್ಪ್‌ನಲ್ಲಿ ಎರಡನ್ನೂ ಸಮ ಚಿಹ್ನೆ ಹಾಕಿ ಹೋಲಿಸಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಅನುಮಾನ ಬಂದರೆ ಸ್ಟ್ರಿಂಗ್‌ನ ಲೆಂತ್ ನೋಡಿ, ಒಂದು ಜಾಸ್ತಿ ಇರುತ್ತದೆ.

ಉಳಿಸುವ ಮುಂಚೆಯೇ ನಾರ್ಮಲೈಸ್ (ಒಂದೇ ಕೋಡ್ ರೂಪಕ್ಕೆ ತರುವುದು) ಮತ್ತು ಟ್ರಿಮ್ (ಆಚೀಚೆಯ ಖಾಲಿ ಜಾಗ ತೆಗೆಯುವುದು) ಎರಡನ್ನೂ ಓಡಿಸಿ. ಸಿಂಧನೂರು, ಸಿಂಧನೂರ ಎಂದು ಬೇರೆ ಬೇರೆ ಟೈಪ್ ಮಾಡುವುದಕ್ಕೆ ಅದರಲ್ಲಿ ಮದ್ದಿಲ್ಲ. ಊರುಗಳಿಗೆ ಒಂದು ಟೇಬಲ್ ಮಾಡಿ, ಡ್ರಾಪ್‌ಡೌನ್ ಕೊಡಿ, ಗುಂಪನ್ನು ಊರಿನ ಐಡಿ ಮೇಲೆ ಮಾಡಿ.

## ಹಂತ 7: ತಾಳೆ ನೋಡುವುದು

ಟುಕ್ವೆರಿಸ್ಟ್ರಿಂಗ್ ಬಳಸಿ ನಿಮ್ಮ ಕ್ವೆರಿ ಯಾವ ಎಸ್‌ಕ್ಯುಎಲ್ ಆಗುತ್ತಿದೆ ಎಂದು ಓದಿ. ಅದರಲ್ಲಿ ಗ್ರೂಪ್ ಬೈ ಕಾಣಬೇಕು. ಬರೀ ಸೆಲೆಕ್ಟ್ ಇದ್ದರೆ ಗುಂಪು ಮೆಮೊರಿಯಲ್ಲಿ ಆಗುತ್ತಿದೆ ಎಂದರ್ಥ.

ಆಮೇಲೆ ಒಂದೇ ಮೊತ್ತವನ್ನು ಮೂರು ದಾರಿಯಿಂದ ತೆಗೆಯಿರಿ: ನೇರ ಸಮ್, ಬೆಳೆವಾರು ಗುಂಪುಗಳ ಒಟ್ಟು, ಊರುವಾರು ಗುಂಪುಗಳ ಒಟ್ಟು. ಮೂರೂ ಪೈಸೆ ಸಮೇತ ಒಂದೇ ಇರಬೇಕು. ಊರುವಾರು ಮಾತ್ರ ಕಮ್ಮಿ ಬಂದರೆ ಊರು ಬರೆಯದ ರೈತರು ಜಾಯಿನ್‌ನಲ್ಲಿ ಬಿದ್ದುಹೋಗಿದ್ದಾರೆ. ಯಾವುದಾದರೂ ಒಂದು ಜಾಸ್ತಿ ಬಂದರೆ ಹಂತ 5ಕ್ಕೆ ವಾಪಸ್ ಹೋಗಿ.

ಮೊತ್ತ ನಿಜವಾದದ್ದರ ಸರಿಯಾಗಿ ಎರಡರಷ್ಟು ಅಥವಾ ಮೂರರಷ್ಟು ಇದ್ದರೆ ಅನುಮಾನವೇ ಬೇಡ, ಸಾಲುಗಳು ಗುಣಾಕಾರ ಆಗಿವೆ. ಬಾಕಿ ಕಾಲಮ್ ಕೆಲವರಿಗೆ ಮಾತ್ರ ಖಾಲಿ ಇದ್ದರೆ ನಲ್. ತಿಂಗಳ ಕೊನೆಯ ದಿನದ ವ್ಯಾಪಾರದಷ್ಟೇ ಕಮ್ಮಿ ಇದ್ದರೆ ತಾರೀಖಿನ ಗಡಿ. ಕೆಲವೇ ರೂಪಾಯಿ ಆಚೀಚೆ ಆದರೆ ರೌಂಡ್. ಇದನ್ನು ‘ಸಣ್ಣದು, ಬಿಡು’ ಎನ್ನಬೇಡಿ. ಗುಮಾಸ್ತರು ಒಂದು ರೂಪಾಯಿ ವ್ಯತ್ಯಾಸಕ್ಕೂ ಇಡೀ ಪುಸ್ತಕ ತಿರುವಿ ಹಾಕುತ್ತಾರೆ.

ಕೊನೆಗೆ ಮೊದಲೇ ತೆಗೆದಿಟ್ಟ ಒಂದು ದಿನದ ಹಾಳೆ ತೆಗೆಯಿರಿ. ಆ ದಿನದ ಒಟ್ಟು ತೂಕ, ಒಟ್ಟು ಮೊತ್ತ, ಕೊಟ್ಟ ದುಡ್ಡು, ಬಾಕಿ, ಈ ನಾಲ್ಕನ್ನೂ ಗುಮಾಸ್ತರ ಎದುರಿಗೇ ಕೂತು ಒಂದೊಂದಾಗಿ ಟಿಕ್ ಹಾಕಿ. ನಾಲ್ಕರಲ್ಲಿ ಒಂದು ತಾಳೆ ಆಗದಿದ್ದರೂ ಆ ರಿಪೋರ್ಟ್ ಪುಟವನ್ನು ಇನ್ನೂ ಯಾರಿಗೂ ತೆರೆದುಕೊಡಬೇಡಿ.